ಕಾಡು ಕಾಯುವ ಪುಟ್ಟ ಕಣಜ

ಪ್ರವೇಶ: ಬೆಳೆಯನ್ನು ತಿನ್ನುವ ಹುಳುಗಳನ್ನು ಕೊಲ್ಲಲು ವಿಷವೊಂದೇ ದಾರಿಯೆಂದು ಹಲವರು ತಿಳಿದಿದ್ದಾರೆ. ಆದರೆ ಹುಳುಗಳಿಗೆ ಹುಳುಗಳೇ ಶತ್ರುಗಳಾಗಿರುತ್ತವೆ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಒಂದು ಕಣಜವು ದೂರದ ದೇಶದ ಕಾಡುಗಳನ್ನು ಕಾಯಲು ಹೇಗೆ ನೆರವಾಯಿತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಅಂದು ಭಾನುವಾರ. ಹುಡುಗಿಯೊಬ್ಬಳು ಅಜ್ಜನ ಜೊತೆಗೆ ಕಬ್ಬಿನ ಹೊಲಕ್ಕೆ ಹೋಗಿದ್ದಳು. ಅಜ್ಜ ಚೀಲದಿಂದ ಒಂದು ದಪ್ಪ ಕಾಗದವನ್ನು ತೆಗೆದು, ಅದನ್ನು ಕತ್ತರಿಯಿಂದ ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿದನು. ಒಂದೊಂದು ತುಂಡನ್ನೂ ಕಬ್ಬಿನ ಎಲೆಯ ಕೆಳಬದಿಗೆ ಸಿಕ್ಕಿಸುತ್ತ ಸಾಗಿದನು. ಹುಡುಗಿ ಬಗ್ಗಿ ನೋಡಿದಳು. ಕಾಗದದ ಮೇಲೆ ಕಪ್ಪಗೆ ಏನೋ ಅಂಟಿತ್ತು.

“ಅಜ್ಜಾ, ಇದೇನು? ಕಾಗದಕ್ಕೆ ಕರಿ ಗಸಗಸೆ ಅಂಟಿಸಿದ ಹಾಗಿದೆಯಲ್ಲ!”

“ಗಸಗಸೆ ಅಲ್ಲವ್ವಾ, ಅವು ಮೊಟ್ಟೆಗಳು. ಒಂದೊಂದು ಮೊಟ್ಟೆಯೊಳಗೂ ಒಬ್ಬ ಕಾವಲುಗಾರ ಮಲಗಿದ್ದಾನೆ. ಎರಡು ಮೂರು ದಿನಕ್ಕೆ ಎದ್ದು ಬರುತ್ತಾನೆ. ಆಮೇಲೆ ನಮ್ಮ ಹೊಲ ಕಾಯುವ ಕೆಲಸ ಅವನದು.”

“ಇಷ್ಟು ಸಣ್ಣವನು ಇಷ್ಟು ದೊಡ್ಡ ಹೊಲ ಹೇಗೆ ಕಾಯುತ್ತಾನೆ?”

ಅಜ್ಜ ನಕ್ಕನು. “ಅದನ್ನು ನಾಳೆ ನಿಮ್ಮ ಗುರೂಜಿಯವರನ್ನೇ ಕೇಳು” ಎಂದನು.

ಮರುದಿನ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟಳು. ಗುರೂಜಿಯವರು ಸಂತೋಷದಿಂದ, “ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಒಂದು ನಿಜವಾದ ಕಥೆಯನ್ನೇ ಹೇಳುತ್ತೇನೆ. ಇದು ನಡೆದದ್ದು ಇಲ್ಲಲ್ಲ, ಅಮೇರಿಕಾ ದೇಶದಲ್ಲಿ” ಎಂದು ಹೇಳತೊಡಗಿದರು.

ಕಿಟಕಿಯಿಂದ ಹೊರಬಿದ್ದ ಹುಳು

ಅಮೇರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಾಸ್ಟನ್ ನಗರದ ಹತ್ತಿರ ಮೆಡ್‌ಫರ್ಡ್ ಎಂಬ ಊರಿದೆ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಅಲ್ಲಿ ಎತಿಯೆನ್ ಲಿಯೋಪೋಲ್ಡ್ ಟ್ರೂವೆಲೋ ಎಂಬ ಫ್ರೆಂಚ್ ಮನುಷ್ಯನು ವಾಸವಾಗಿದ್ದನು. ಅವನು ಒಳ್ಳೆಯ ಚಿತ್ರಕಾರ. ಪತಂಗಗಳನ್ನು ಸಾಕುವುದೆಂದರೆ ಅವನಿಗೆ ಬಹಳ ಪ್ರೀತಿ. ಅಮೇರಿಕಾದ ಕಾಡುಗಳಲ್ಲಿ ಸಿಗುವ ದೊಡ್ಡ ರೇಷ್ಮೆ ಪತಂಗಗಳನ್ನು ಅವನು ತನ್ನ ಮನೆಯ ಹಿತ್ತಲಿನಲ್ಲಿ ಬಲೆ ಕಟ್ಟಿ ಸಾಕುತ್ತಿದ್ದನು. ಆ ದಿನಗಳಲ್ಲಿ ಯುರೋಪಿನ ರೇಷ್ಮೆ ಹುಳುಗಳಿಗೆ ರೋಗ ತಗಲಿ ರೇಷ್ಮೆ ಉದ್ಯೋಗವೇ ನಷ್ಟದಲ್ಲಿತ್ತು. ಹೊಸ ಜಾತಿಯ ರೇಷ್ಮೆ ಹುಳು ಸಿಕ್ಕೀತೇ ಎಂದು ಹಲವರು ಹುಡುಕುತ್ತಿದ್ದರು.

ಇಂತಹ ಪ್ರಯೋಗಕ್ಕಾಗಿಯೇ ಟ್ರೂವೆಲೋ ಯುರೋಪಿನಿಂದ ಇನ್ನೊಂದು ಜಾತಿಯ ಪತಂಗದ ಮೊಟ್ಟೆಗಳನ್ನು ತರಿಸಿದನೆಂದು ಹೇಳುತ್ತಾರೆ. ಆ ಮೊಟ್ಟೆಗಳು ಒಡೆದು ಮರಿಹುಳುಗಳು ಬಂದವು. 1869ರ ಸುಮಾರಿಗೆ ಅವುಗಳಲ್ಲಿ ಕೆಲವು ಹುಳುಗಳು ತಪ್ಪಿಸಿಕೊಂಡು ಹೊರಬಿದ್ದವು. ಹತ್ತಿರದಲ್ಲಿಯೇ ಮರಗಳಿದ್ದವು. ಹುಳುಗಳು ಆ ಮರಗಳನ್ನು ಸೇರಿದವು.

ಮೊದಲ ಹತ್ತು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. ಟ್ರೂವೆಲೋನು ಪತಂಗ ಸಾಕುವುದನ್ನು ಬಿಟ್ಟು ಆಕಾಶವನ್ನು ನೋಡತೊಡಗಿದನು. ಸೂರ್ಯ, ಚಂದ್ರ, ಗ್ರಹಗಳ ಸುಂದರ ಚಿತ್ರಗಳನ್ನು ಬರೆದು ಪ್ರಸಿದ್ಧನಾದನು. 1882ರಲ್ಲಿ ಅವನು ಫ್ರಾನ್ಸಿಗೆ ಮರಳಿದನು. ಆದರೆ ಅವನು ತಂದ ಹುಳು ಅಮೇರಿಕಾದಲ್ಲಿಯೇ ಉಳಿಯಿತು.

ಊರನ್ನೇ ಮುತ್ತಿದ ಹುಳುಗಳು

1889ರ ಬೇಸಿಗೆಯಲ್ಲಿ ಮೆಡ್‌ಫರ್ಡಿನ ಜನ ಕಂಗಾಲಾದರು. ಎಲ್ಲಿ ನೋಡಿದರೂ ಕಂಬಳಿಹುಳುಗಳೇ. ಮರದ ಎಲೆಗಳೆಲ್ಲ ಮಾಯವಾಗಿ, ನಡುಬೇಸಿಗೆಯಲ್ಲಿ ಮರಗಳು ಬೋಳಾಗಿ ನಿಂತವು. ಎಲೆ ಮುಗಿದ ಮೇಲೆ ಹುಳುಗಳು ಆಹಾರ ಹುಡುಕುತ್ತ ಬೇಲಿ, ಗೋಡೆ, ಬಾಗಿಲುಗಳ ಮೇಲೆ ಹರಿದಾಡಿದವು. ಕಾಲಿಟ್ಟಲ್ಲೆಲ್ಲ ಹುಳುಗಳು ಜಜ್ಜಿ ಹೋಗುತ್ತಿದ್ದವು. ಜನರು ಹುಳುಗಳನ್ನು ಪೊರಕೆಯಿಂದ ಗುಡಿಸಿ, ಸೀಮೆಎಣ್ಣೆ ಸುರಿದು ಸುಟ್ಟರು. ಮರುದಿನ ಮತ್ತೆ ಅಷ್ಟೇ ಹುಳುಗಳು!

ಈ ಪತಂಗದ ಶಾಸ್ತ್ರೀಯ ಹೆಸರು ಲೈಮ್ಯಾಂಟ್ರಿಯಾ ಡಿಸ್ಪಾರ್. ಮೊದಲು ಇಂಗ್ಲಿಷಿನಲ್ಲಿ ಇದನ್ನು ಜಿಪ್ಸಿ ಪತಂಗ ಎಂದು ಕರೆಯುತ್ತಿದ್ದರು. ಜಿಪ್ಸಿ ಎಂಬುದು ರೋಮಾ ಜನಾಂಗದವರನ್ನು ಹೀಗಳೆಯಲು ಬಳಸುತ್ತಿದ್ದ ಮಾತು. ಒಂದು ಜನಾಂಗದ ಮನಸ್ಸಿಗೆ ನೋವುಂಟುಮಾಡುವ ಹೆಸರು ಹುಳುವಿಗೆ ಬೇಡವೆಂದು ಅಮೇರಿಕಾದ ಕೀಟವಿಜ್ಞಾನಿಗಳ ಸಂಘವು 2022ರಲ್ಲಿ ಅದನ್ನು ಬದಲಾಯಿಸಿ ‘ಸ್ಪಂಜು ಪತಂಗ’ ಎಂಬ ಹೊಸ ಹೆಸರನ್ನು ಒಪ್ಪಿಕೊಂಡಿತು. ಇದರ ಮೊಟ್ಟೆಗಳ ಗುಂಪು ನೋಡಲು ಸ್ಪಂಜಿನ ತುಂಡಿನಂತೆ ಇರುವುದರಿಂದ ಈ ಹೆಸರು ಬಂದಿದೆ.

ಸ್ಪಂಜು ಪತಂಗದ ಒಂದು ವರ್ಷ

ಸ್ಪಂಜು ಪತಂಗದ ಜೀವನ ಒಂದು ವರ್ಷದ್ದು. ಗಂಡು ಪತಂಗದ ಬಣ್ಣ ಕಂದು. ಅದು ಚುರುಕಾಗಿ ಹಾರುತ್ತದೆ. ಹೆಣ್ಣು ಪತಂಗದ ಬಣ್ಣ ಬಿಳಿ. ಅಮೇರಿಕಾಕ್ಕೆ ಬಂದ ಜಾತಿಯ ಹೆಣ್ಣಿಗೆ ರೆಕ್ಕೆಗಳಿದ್ದರೂ ಹಾರಲು ಬರುವುದಿಲ್ಲ. ಅದು ಜುಲೈ, ಆಗಸ್ಟ್ ತಿಂಗಳಲ್ಲಿ ಮರದ ಕಾಂಡದ ಮೇಲೆಯೋ ಕಲ್ಲಿನ ಸಂದಿಯಲ್ಲಿಯೋ ಗಾಡಿಯ ಅಡಿಯಲ್ಲಿಯೋ ಮೊಟ್ಟೆಗಳನ್ನು ಇಡುತ್ತದೆ. ಒಂದು ಗುಂಪಿನಲ್ಲಿ ನೂರರಿಂದ ಸಾವಿರದವರೆಗೆ ಮೊಟ್ಟೆಗಳಿರಬಹುದು. ತಾಯಿ ಪತಂಗವು ತನ್ನ ಮೈಮೇಲಿನ ನವಿರಾದ ಕೂದಲುಗಳನ್ನು ಆ ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಕಂಬಳಿ ಹೊದ್ದು ಮಲಗಿದ ಮಕ್ಕಳ ಹಾಗೆ ಮೊಟ್ಟೆಗಳು ಚಳಿಗಾಲವನ್ನೆಲ್ಲ ಆ ಹೊದಿಕೆಯೊಳಗೆ ಕಳೆಯುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ಮರಗಳು ಚಿಗುರುವ ಹೊತ್ತಿಗೆ ಮೊಟ್ಟೆಗಳು ಒಡೆಯುತ್ತವೆ. ಹೊರಬಂದ ಮರಿಹುಳು ಮರದ ಮೇಲೆ ಏರಿ, ನೂಲಿನ ಎಳೆಯೊಂದನ್ನು ಬಿಟ್ಟು ಅದಕ್ಕೆ ಜೋತುಬೀಳುತ್ತದೆ. ಗಾಳಿ ಬೀಸಿದಾಗ ನೂಲಿನ ಸಮೇತ ಹಾರಿ ಬೇರೊಂದು ಮರವನ್ನು ಸೇರುತ್ತದೆ. ಬೆಳೆದ ಕಂಬಳಿಹುಳುವಿನ ಬೆನ್ನಿನ ಮೇಲೆ ಐದು ಜೊತೆ ನೀಲಿ ಚುಕ್ಕೆಗಳೂ ಆರು ಜೊತೆ ಕೆಂಪು ಚುಕ್ಕೆಗಳೂ ಇರುತ್ತವೆ. ಓಕ್ ಮರದ ಎಲೆ ಅದಕ್ಕೆ ಬಹಳ ಇಷ್ಟ. ಆದರೂ 300ಕ್ಕಿಂತ ಹೆಚ್ಚು ಜಾತಿಯ ಗಿಡಮರಗಳನ್ನು ಅದು ತಿನ್ನಬಲ್ಲದು. ಒಂದೇ ಹುಳು ತನ್ನ ಜೀವನದಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಎಲೆಯನ್ನು ತಿಂದುಹಾಕುತ್ತದೆ. ಒಂದು ಮರದ ಮೇಲೆ ಸಾವಿರಾರು ಹುಳುಗಳಿದ್ದರೆ ಏನಾದೀತು, ನೀವೇ ಲೆಕ್ಕ ಹಾಕಿರಿ!

ಒಂದು ವರ್ಷ ಎಲೆ ಕಳೆದುಕೊಂಡ ಮರ ಮತ್ತೆ ಚಿಗುರುತ್ತದೆ. ಆದರೆ ಎರಡು ಮೂರು ವರ್ಷ ಬಿಡದೆ ಹೀಗಾದರೆ ಮರ ಸೊರಗುತ್ತದೆ. ಕೊನೆಗೆ ಬೇರೆ ರೋಗ ಹತ್ತಿ ಒಣಗಿ ಹೋಗುತ್ತದೆ. 1981ರಲ್ಲಿ ಅಮೇರಿಕಾದ ಈಶಾನ್ಯ ಭಾಗದಲ್ಲಿ ಈ ಹುಳುಗಳು ಸುಮಾರು 1 ಕೋಟಿ 29 ಲಕ್ಷ ಎಕರೆ ಕಾಡನ್ನು ಬೋಳು ಮಾಡಿದ್ದವು.

ಕೈಯಿಂದ ಕೆರೆದರು, ವಿಷ ಹೊಡೆದರು

1890ರಿಂದ ಮ್ಯಾಸಚೂಸೆಟ್ಸ್ ಸರಕಾರವು ಈ ಹುಳುವಿನ ಮೇಲೆ ಯುದ್ಧವನ್ನೇ ಸಾರಿತು. ಕೆಲಸಗಾರರು ಮರ ಮರ ಹತ್ತಿ ಮೊಟ್ಟೆಗಳ ಗುಂಪುಗಳನ್ನು ಕೆರೆದು ತೆಗೆದರು. ಕೆಲವು ಕಡೆ ಮೊಟ್ಟೆಗಳ ಮೇಲೆ ಕ್ರಿಯೋಸೋಟ್ ಎಂಬ ಕಟುವಾದ ಎಣ್ಣೆಯನ್ನು ಬಳಿದರು. ಮರಗಳಿಗೆ ಪಾಷಾಣ ಬೆರೆಸಿದ ಮದ್ದನ್ನು ಸಿಂಪಡಿಸಿದರು. ಹತ್ತು ವರ್ಷಗಳ ಈ ಕಷ್ಟದಿಂದ ಹುಳುಗಳು ಬಹಳ ಕಡಿಮೆಯಾದವು. ‘ಇನ್ನು ಭಯವಿಲ್ಲ, ಖರ್ಚು ಯಾಕೆ?’ ಎಂದು 1900ರಲ್ಲಿ ಸರಕಾರವು ಆ ಕೆಲಸವನ್ನು ನಿಲ್ಲಿಸಿತು. ಅಲ್ಲಲ್ಲಿ ಉಳಿದಿದ್ದ ಹುಳುಗಳಿಗೆ ಅಷ್ಟೇ ಸಾಕಾಯಿತು. ಐದೇ ವರ್ಷಗಳಲ್ಲಿ ಅವು ಮೊದಲಿಗಿಂತ ಹೆಚ್ಚು ದೂರ ಹರಡಿದವು. 1905ರಲ್ಲಿ ಕೆಲಸವನ್ನು ಮತ್ತೆ ಆರಂಭಿಸಬೇಕಾಯಿತು.

ಮುಂದೆ ಡಿಡಿಟಿ ಎಂಬ ವಿಷ ಬಂದಿತು. 1950ರ ದಶಕದಲ್ಲಿ ವಿಮಾನಗಳಿಂದ ಅದನ್ನು ಕಾಡುಗಳ ಮೇಲೆ ಸುರಿದರು. ಹುಳುಗಳು ಸತ್ತವು. ಅವುಗಳ ಜೊತೆಗೆ ಹುಳು ತಿನ್ನುವ ಹಕ್ಕಿಗಳಿಗೂ ಮೀನುಗಳಿಗೂ ಜೇನುನೊಣಗಳಿಗೂ ಕೇಡಾಯಿತು. ರೇಚಲ್ ಕಾರ್ಸನ್ ಎಂಬ ಲೇಖಕಿ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕದಲ್ಲಿ ಈ ಸಂಗತಿಯನ್ನು ಬರೆದು ಜಗತ್ತಿನ ಕಣ್ಣು ತೆರೆಸಿದಳು. 1972ರಲ್ಲಿ ಅಮೇರಿಕಾವು ಬೆಳೆಗಳಿಗೆ ಡಿಡಿಟಿ ಬಳಸುವುದನ್ನು ನಿಷೇಧಿಸಿತು.

ತವರಿನಲ್ಲಿದ್ದ ಶತ್ರುಗಳು

“ಗುರೂಜಿ, ಆ ಹುಳು ಮೊದಲು ಯುರೋಪಿನಲ್ಲಿತ್ತು ಎಂದಿರಿ. ಅಲ್ಲಿಯ ಕಾಡು ಯಾಕೆ ಹಾಳಾಗಲಿಲ್ಲ?” ಎಂದು ಹುಡುಗಿ ಕೇಳಿದಳು.

ಗುರೂಜಿಯವರು ಹೇಳಿದರು: “ವಿಜ್ಞಾನಿಗಳೂ ಇದೇ ಪ್ರಶ್ನೆಯನ್ನು ಕೇಳಿಕೊಂಡರು. ಯುರೋಪು, ಏಷ್ಯಾ ಖಂಡಗಳಲ್ಲಿಯೂ ಈ ಹುಳು ಒಮ್ಮೊಮ್ಮೆ ಹೆಚ್ಚುತ್ತದೆ. ಆದರೆ ಅಲ್ಲಿ ಅದನ್ನು ಹಿಡಿತದಲ್ಲಿಡಲು ಹಲವು ಶತ್ರುಗಳಿವೆ. ಕೆಲವು ಕೀಟಗಳು ಅದರ ಮೊಟ್ಟೆಯನ್ನು, ಕೆಲವು ಮರಿಹುಳುವನ್ನು, ಕೆಲವು ಕೋಶವನ್ನು ತಿಂದು ಬದುಕುತ್ತವೆ. ಹುಳು ಸಮುದ್ರ ದಾಟಿ ಅಮೇರಿಕಾಕ್ಕೆ ಬಂದಾಗ ಅದರ ಶತ್ರುಗಳು ತವರಿನಲ್ಲಿಯೇ ಉಳಿದವು. ಆದ್ದರಿಂದ ಇಲ್ಲಿ ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲದಂತಾಯಿತು.”

ಹಾಗಾದರೆ ಆ ಶತ್ರುಗಳನ್ನೂ ಕರೆತಂದರೆ ಹೇಗೆ? 1905ರಿಂದ ಈ ಕೆಲಸ ಆರಂಭವಾಯಿತು. ಎಲ್. ಓ. ಹೊವಾರ್ಡ್ ಎಂಬ ಕೀಟವಿಜ್ಞಾನಿ ಇದರ ಮುಂದಾಳು. ಯುರೋಪಿನಿಂದಲೂ ಜಪಾನಿನಿಂದಲೂ ಪತಂಗದ ಮೊಟ್ಟೆ, ಹುಳು, ಕೋಶಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತರಿಸಿದರು. ಅವುಗಳಿಂದ ಯಾವ ಯಾವ ಪರಾವಲಂಬಿ ಕೀಟಗಳು ಹೊರಬರುತ್ತವೆ ಎಂಬುದನ್ನು ಪ್ರಯೋಗಶಾಲೆಯ ಮುಚ್ಚಿದ ಕೋಣೆಗಳಲ್ಲಿ ನೋಡಿದರು. ಇದರಲ್ಲಿ ಬಹಳ ಎಚ್ಚರಿಕೆ ಬೇಕಿತ್ತು. ಏಕೆಂದರೆ ನಮಗೆ ಮಿತ್ರನಾದ ಕಣಜದ ಮೈಯಲ್ಲಿಯೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಬೇರೆ ಕಣಜಗಳೂ ಇವೆ. ಅವು ತಪ್ಪಿ ಹೊರಗೆ ಹೋದರೆ ಮಾಡಿದ ಕೆಲಸವೆಲ್ಲ ಕೆಡುತ್ತಿತ್ತು.

ಮೊಟ್ಟೆಯೊಳಗಿನ ಮನೆ

1908ರ ಸುಮಾರಿಗೆ ಜಪಾನಿನಿಂದ ಬಂದ ಮೊಟ್ಟೆಗಳಲ್ಲಿ ಒಂದು ಪುಟ್ಟ ಕಪ್ಪು ಕಣಜ ಸಿಕ್ಕಿತು. ಹೊವಾರ್ಡ್‌ರು ಅದಕ್ಕೆ ಕುವಾನಾ ಎಂಬ ಜಪಾನಿ ಕೀಟವಿಜ್ಞಾನಿಯ ಹೆಸರನ್ನಿಟ್ಟರು. ಈಗ ಅದರ ಶಾಸ್ತ್ರೀಯ ಹೆಸರು ಊಎನ್ಸಿರ್ಟಸ್ ಕುವಾನೆ. ಹೆಸರು ಉದ್ದವಾಗಿದ್ದರೂ ಕಣಜದ ಉದ್ದ ಸುಮಾರು ಒಂದು ಮಿಲಿಮೀಟರ್ ಮಾತ್ರ. ಅದು ಮನುಷ್ಯರನ್ನು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಎಷ್ಟೋ ಜನ ಕಾಡಿನಲ್ಲಿ ಅದರ ಪಕ್ಕದಲ್ಲಿಯೇ ನಡೆದುಹೋದರೂ ಅದನ್ನು ಕಾಣುವುದಿಲ್ಲ.

ಹೆಣ್ಣು ಕಣಜವು ಸ್ಪಂಜು ಪತಂಗದ ಮೊಟ್ಟೆಗಳ ಗುಂಪನ್ನು ಹುಡುಕಿಕೊಂಡು ಬರುತ್ತದೆ. ಹೊದಿಕೆಯ ಕೂದಲುಗಳ ನಡುವೆ ದಾರಿ ಮಾಡಿಕೊಂಡು ಮೊಟ್ಟೆಯ ಮೇಲೆ ಏರುತ್ತದೆ. ಮೀಸೆಗಳಿಂದ ಮುಟ್ಟಿ ಮುಟ್ಟಿ ನೋಡುತ್ತದೆ. ಅದರ ಹೊಟ್ಟೆಯ ತುದಿಯಲ್ಲಿ ಸೂಜಿಯಂತಹ ಕೊಳವೆಯೊಂದಿದೆ. ಅದರಿಂದ ಪತಂಗದ ಮೊಟ್ಟೆಯ ಚಿಪ್ಪನ್ನು ಕೊರೆದು, ಒಳಗೆ ತನ್ನ ಮೊಟ್ಟೆಯನ್ನು ಇಡುತ್ತದೆ.

ಇಲ್ಲಿ ಒಂದು ಸೋಜಿಗವಿದೆ. ಮೊಟ್ಟೆಯೊಳಗೆ ಮುಳುಗಿದ ಮರಿಗೆ ಉಸಿರಾಡಲು ಗಾಳಿ ಬೇಕಲ್ಲವೇ? ಕಣಜದ ಮೊಟ್ಟೆಗೆ ಒಂದು ಚಿಕ್ಕ ತೊಟ್ಟು ಇರುತ್ತದೆ. ಆ ತೊಟ್ಟಿನ ತುದಿಯು ಪತಂಗದ ಮೊಟ್ಟೆಯ ಚಿಪ್ಪಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ನೀರಿನಲ್ಲಿ ಮುಳುಗಿದವನು ಕೊಳವೆಯೊಂದನ್ನು ಮೇಲೆ ಚಾಚಿ ಉಸಿರಾಡಿದಂತೆ ಕಣಜದ ಮರಿ ಆ ತೊಟ್ಟಿನ ಮೂಲಕ ಗಾಳಿಯನ್ನು ಪಡೆಯುತ್ತದೆ. ಪತಂಗದ ಮೊಟ್ಟೆಯಲ್ಲಿರುವುದನ್ನೆಲ್ಲ ತಿಂದು ಬೆಳೆಯುತ್ತದೆ. ಬೆಚ್ಚನೆಯ ದಿನಗಳಲ್ಲಿ ಸುಮಾರು ಮೂರು ನಾಲ್ಕು ವಾರಗಳಲ್ಲಿ ಅದು ಪೂರ್ಣ ಕಣಜವಾಗಿ, ಚಿಪ್ಪಿಗೆ ತೂತು ಕೊರೆದು ಹೊರಗೆ ಬರುತ್ತದೆ. ಆ ಮೊಟ್ಟೆಯಿಂದ ಇನ್ನೆಂದೂ ಕಂಬಳಿಹುಳು ಬರುವುದಿಲ್ಲ. ಎಲೆ ತಿನ್ನುವ ಮೊದಲೇ ಹುಳುವಿನ ಕಥೆ ಮುಗಿಯಿತು!

ಪತಂಗಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಕಣಜಕ್ಕೆ ಒಂದೇ ವರ್ಷದಲ್ಲಿ ಹಲವು ತಲೆಮಾರುಗಳು. ಚಳಿಗಾಲದಲ್ಲಿ ಹಿಮ ಬೀಳುವಾಗ ಹೆಣ್ಣು ಕಣಜಗಳು ಕಾಡಿನ ನೆಲದ ಮೇಲಿನ ತರಗೆಲೆಗಳ ನಡುವೆ ಅಡಗಿ ಕುಳಿತುಕೊಳ್ಳುತ್ತವೆ. ವಸಂತದಲ್ಲಿ ಎದ್ದು, ಇನ್ನೂ ಒಡೆಯದಿರುವ ಮೊಟ್ಟೆಗಳನ್ನು ಹುಡುಕುತ್ತವೆ. ಲಕ್ಷಗಟ್ಟಲೆ ಕಣಜಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕಾಡುಗಳಲ್ಲಿ ಬಿಟ್ಟರು. ಅವು ಅಲ್ಲಿ ನೆಲೆಯೂರಿದವು. ನೂರು ವರ್ಷ ಕಳೆದರೂ ಅವುಗಳ ವಂಶ ಅಲ್ಲಿ ಮುಂದುವರಿದಿದೆ.

ಅನಸ್ಟಾಟಸ್ ಎಂಬ ಇನ್ನೊಂದು ಮೊಟ್ಟೆ ಕಣಜವನ್ನೂ ಅದೇ ಕಾಲದಲ್ಲಿ ತಂದರು. ಅದಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಅದರ ಹೆಣ್ಣು ಹಾರುವುದಕ್ಕಿಂತ ಓಡುವುದೇ ಹೆಚ್ಚು. ಆದ್ದರಿಂದ ಅದು ಬಹಳ ನಿಧಾನವಾಗಿ ಹರಡುತ್ತದೆ.

ಸೂಜಿ ಚಿಕ್ಕದು, ಗುಂಪು ದೊಡ್ಡದು

“ಹಾಗಾದರೆ ಆ ಹುಳು ಈಗ ಅಮೇರಿಕಾದಲ್ಲಿ ಇಲ್ಲವೇ?” ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದನು.

“ಇದೆ” ಎಂದರು ಗುರೂಜಿ. “ಕಣಜ ಒಳ್ಳೆಯ ಕಾವಲುಗಾರ. ಆದರೆ ಒಬ್ಬನೇ ಕಾವಲುಗಾರ ಊರನ್ನೆಲ್ಲ ಕಾಯಲಾರ. ಅದಕ್ಕೆ ಕಾರಣವನ್ನು ಕೇಳಿರಿ.”

ಪತಂಗದ ಮೊಟ್ಟೆಗಳು ಒಂದರ ಮೇಲೊಂದು ಪದರಗಳಾಗಿ ಇರುತ್ತವೆ. ಕಣಜದ ಸೂಜಿ ಬಹಳ ಗಿಡ್ಡ. ಅದು ಮೇಲಿನ ಪದರದ ಮೊಟ್ಟೆಗಳನ್ನು ಮಾತ್ರ ಮುಟ್ಟುತ್ತದೆ. ಕೆಳಗಿನ ಮೊಟ್ಟೆಗಳು ಉಳಿದುಕೊಳ್ಳುತ್ತವೆ. ಬುಟ್ಟಿಯಲ್ಲಿ ಒಟ್ಟಿದ ಬೋರೆಹಣ್ಣುಗಳಲ್ಲಿ ಮೇಲಿನ ಹಣ್ಣುಗಳನ್ನು ಮಾತ್ರ ಹಕ್ಕಿ ಕುಕ್ಕಿದ ಹಾಗೆ ಇದು.

ಒಂದು ಲೆಕ್ಕ ಮಾಡೋಣ. ಚಿಕ್ಕ ಗುಂಪಿನಲ್ಲಿ 200 ಮೊಟ್ಟೆಗಳಿವೆ, ಅವುಗಳಲ್ಲಿ 80 ಮೇಲಿನ ಪದರದಲ್ಲಿವೆ ಎಂದು ತಿಳಿಯಿರಿ. ಕಣಜಗಳು ಆ 80ನ್ನೂ ಮುಗಿಸಿದರೆ ನೂರಕ್ಕೆ 40ರಷ್ಟು ಮೊಟ್ಟೆಗಳು ನಾಶವಾದವು. ದೊಡ್ಡ ಗುಂಪಿನಲ್ಲಿ 800 ಮೊಟ್ಟೆಗಳಿವೆ, ಮೇಲಿನ ಪದರದಲ್ಲಿ 160 ಇವೆ ಎಂದುಕೊಳ್ಳಿರಿ. ಆ 160ನ್ನೂ ಮುಗಿಸಿದರೂ ನೂರಕ್ಕೆ 20ರಷ್ಟು ಮಾತ್ರ ನಾಶವಾದವು. ಗುಂಪು ದೊಡ್ಡದಾದಷ್ಟೂ ಒಳಗೆ ಅಡಗಿದ ಮೊಟ್ಟೆಗಳೇ ಹೆಚ್ಚು. ನಿಜವಾದ ಕಾಡಿನಲ್ಲಿಯೂ ಈ ಕಣಜವು ಸಾಮಾನ್ಯವಾಗಿ ನೂರು ಮೊಟ್ಟೆಗಳಲ್ಲಿ 10ರಿಂದ 40ರವರೆಗೆ ಮಾತ್ರ ನಾಶಮಾಡುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಉಳಿದ ಹುಳುಗಳನ್ನು ಯಾರು ನೋಡಿಕೊಳ್ಳುತ್ತಾರೆ? ಹಕ್ಕಿಗಳು ಕೆಲವನ್ನು ತಿನ್ನುತ್ತವೆ. ಕಾಡಿನ ಇಲಿಗಳು ಕೋಶಗಳನ್ನು ತಿನ್ನುತ್ತವೆ. ಯುರೋಪಿನಿಂದ ತಂದ ಹೊಳೆಯುವ ಹಸಿರು ಜೀರುಂಡೆಯೊಂದು ಮರ ಹತ್ತಿ ಹುಳುಗಳನ್ನು ಬೇಟೆಯಾಡುತ್ತದೆ. ಹುಳುಗಳು ಬಹಳ ಹೆಚ್ಚಿದಾಗ ವೈರಸ್ ರೋಗ ಹರಡಿ ಅವು ಸಾಯುತ್ತವೆ. 1989ರಲ್ಲಿ ಜಪಾನು ಮೂಲದ ಒಂದು ಶಿಲೀಂಧ್ರವು ಹುಳುಗಳನ್ನು ಕೊಲ್ಲುತ್ತಿರುವುದು ಕಂಡುಬಂದಿತು. ಮಳೆ ಚೆನ್ನಾಗಿ ಆದ ವರ್ಷ ಅದರ ಕೆಲಸ ಜೋರು. ಒಣ ಹವೆಯಿದ್ದಾಗ ಕಡಿಮೆ. ಹೀಗೆ ಒಬ್ಬರಿಂದ ಆಗದ ಕೆಲಸ ಹಲವರಿಂದ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ.

ದಾರಿ ತಪ್ಪಿದ ಸಹಾಯಕ

ಈ ಕಥೆಯಲ್ಲಿ ದುಃಖದ ಮಾತೂ ಒಂದಿದೆ. ಹೊರಗಿನಿಂದ ತಂದ ಸಹಾಯಕರೆಲ್ಲ ಒಳ್ಳೆಯವರಾಗಿರಲಿಲ್ಲ. 1906ರಲ್ಲಿ ಯುರೋಪಿನಿಂದ ಒಂದು ಪರಾವಲಂಬಿ ನೊಣವನ್ನು ತಂದು ಬಿಟ್ಟರು. ಅದರ ಮರಿಗಳು ಸ್ಪಂಜು ಪತಂಗದ ಕಂಬಳಿಹುಳುವಿನ ಒಳಗೆ ಬೆಳೆಯುತ್ತವೆ. ಆದರೆ ಆ ನೊಣಕ್ಕೆ ಅದೊಂದೇ ಹುಳು ಬೇಕೆಂದಿಲ್ಲ. ಅದು ನೂರೈವತ್ತಕ್ಕೂ ಹೆಚ್ಚು ಜಾತಿಯ ಹುಳುಗಳ ಮೇಲೆ ಬೀಳುತ್ತದೆ. ಅಮೇರಿಕಾದ ಕಾಡಿನ ಸುಂದರವಾದ ರೇಷ್ಮೆ ಪತಂಗಗಳ ಹುಳುಗಳನ್ನೂ ಅದು ಕೊಲ್ಲತೊಡಗಿತು. ಒಂದು ಕಾಲಕ್ಕೆ ಎಲ್ಲೆಡೆ ಕಾಣುತ್ತಿದ್ದ ಆ ಪತಂಗಗಳು ಆ ಭಾಗದಲ್ಲಿ ಅಪರೂಪವಾಗಲು ಈ ನೊಣವೂ ಕಾರಣವೆಂದು 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಟ್ರೂವೆಲೋ ಪ್ರೀತಿಯಿಂದ ಸಾಕುತ್ತಿದ್ದುದು ಅದೇ ಕುಟುಂಬದ ರೇಷ್ಮೆ ಪತಂಗಗಳನ್ನಲ್ಲವೇ? ಅವನು ಅರಿಯದೆ ತಂದ ಒಂದು ಹುಳುವಿನಿಂದ, ಅದನ್ನು ಹಿಡಿಯಲು ಇತರರು ಅವಸರದಿಂದ ತಂದ ಒಂದು ನೊಣದಿಂದ, ಏನೂ ತಪ್ಪು ಮಾಡದ ಆ ಪತಂಗಗಳಿಗೆ ಕೇಡಾಯಿತು.

ಇದರಿಂದ ವಿಜ್ಞಾನಿಗಳು ಒಂದು ಪಾಠ ಕಲಿತರು. ಹೊರಗಿನಿಂದ ಕೀಟವನ್ನು ತರುವ ಮೊದಲು ಅದು ಏನನ್ನು ತಿನ್ನುತ್ತದೆ, ಬೇರೆ ಜೀವಿಗಳಿಗೆ ತೊಂದರೆ ಕೊಡುತ್ತದೆಯೇ ಎಂದು ಈಗ ಬಹಳ ಕಾಲ ಪರೀಕ್ಷಿಸುತ್ತಾರೆ. ನಮ್ಮ ದೇಶದಲ್ಲಿಯೂ ಸರಕಾರದ ಒಪ್ಪಿಗೆಯಿಲ್ಲದೆ ಹೊರದೇಶದ ಕೀಟಗಳನ್ನು ತರುವಂತಿಲ್ಲ.

ನಮ್ಮ ಹೊಲದ ಕಾವಲುಗಾರ

ಸ್ಪಂಜು ಪತಂಗದ ಹತ್ತಿರದ ಸಂಬಂಧಿಯೊಂದು ನಮ್ಮ ದೇಶದ ಕಾಶ್ಮೀರ, ಹಿಮಾಚಲ ಪ್ರದೇಶಗಳಲ್ಲಿದೆ. ಅದು ಅಲ್ಲಿಯ ಸೇಬು, ವಿಲೋ, ಪಾಪ್ಲರ್ ಮರಗಳ ಎಲೆಗಳನ್ನು ತಿನ್ನುತ್ತದೆ. ಅಲ್ಲಿಯೂ ಅದರ ಮೊಟ್ಟೆಯೊಳಗೆ ಬೆಳೆಯುವ ಪುಟ್ಟ ಕಣಜಗಳಿವೆ.

“ಹಾಗಾದರೆ ನಮ್ಮ ಅಜ್ಜ ಕಟ್ಟಿದ್ದು?” ಎಂದು ಹುಡುಗಿ ಕಾತರದಿಂದ ಕೇಳಿದಳು.

“ಅದಕ್ಕೆ ಟ್ರೈಕೋ ಕಾರ್ಡ್ ಎನ್ನುತ್ತಾರೆ” ಎಂದರು ಗುರೂಜಿ. “ಅದರಲ್ಲಿ ಟ್ರೈಕೋಗ್ರಾಮ ಎಂಬ ಕಣಜವಿದೆ. ಅದು ಅರ್ಧ ಮಿಲಿಮೀಟರಿನಷ್ಟೇ ದೊಡ್ಡದು. ಕಬ್ಬಿನ ಕಾಂಡವನ್ನು ಕೊರೆಯುವ ಹುಳುವಿನ ಪತಂಗವು ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಒಮ್ಮೆ ಕಾಂಡದೊಳಗೆ ಹೋಯಿತೆಂದರೆ ಅದಕ್ಕೆ ಮದ್ದು ತಗಲುವುದು ಕಷ್ಟ. ಆದರೆ ಮೊಟ್ಟೆಯಿರುವಾಗಲೇ ಟ್ರೈಕೋಗ್ರಾಮ ಅದರಲ್ಲಿ ತನ್ನ ಮೊಟ್ಟೆಯಿಟ್ಟರೆ ಹುಳು ಹುಟ್ಟುವುದೇ ಇಲ್ಲ. ಈ ಕಣಜವನ್ನು ಪ್ರಯೋಗಶಾಲೆಯಲ್ಲಿ ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ ಬೆಳೆಸುತ್ತಾರೆ. ಕಣಜ ಒಳಗೆ ಬೆಳೆದಂತೆ ಆ ಮೊಟ್ಟೆಗಳು ಕಪ್ಪಾಗುತ್ತವೆ. ನೀನು ಕಂಡ ಕರಿ ಗಸಗಸೆ ಅದೇ! ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಸಂಸ್ಥೆಯಲ್ಲಿ ಇಂತಹ ಉಪಕಾರಿ ಕೀಟಗಳ ಅಧ್ಯಯನ ನಡೆಯುತ್ತದೆ.”

ಸಂಜೆ ಹುಡುಗಿ ಹೊಲಕ್ಕೆ ಓಡಿದಳು. ಪಕ್ಕದ ಹೊಲದವರು ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧ ಹೊಡೆಯಲು ಸಿದ್ಧರಾಗಿದ್ದರು. ಗಾಳಿ ಅಜ್ಜನ ಹೊಲದ ಕಡೆಗೇ ಬೀಸುತ್ತಿತ್ತು.

“ಕಾಕಾ, ಈ ವಾರ ಹೊಡೆಯಬೇಡಿರಿ! ನಮ್ಮ ಕಾವಲುಗಾರರು ಇನ್ನೂ ಎದ್ದಿಲ್ಲ. ಔಷಧ ತಗಲಿದರೆ ಅವರು ಸಾಯುತ್ತಾರೆ” ಎಂದಳು.

ಅವರಿಗೆ ಏನೂ ತಿಳಿಯಲಿಲ್ಲ. ಹುಡುಗಿ ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಎಲೆ ತಿರುಗಿಸಿ ತೋರಿಸಿದಳು. ಅಮೇರಿಕಾದ ಕಾಡಿನ ಕಥೆಯನ್ನೂ ಹೇಳಿದಳು. ಅವರು ಪಂಪನ್ನು ಕೆಳಗಿಳಿಸಿ ಬದುವಿನ ಮೇಲೆ ಕುಳಿತರು. “ಹೌದೇನವ್ವಾ? ಹಾಗಾದರೆ ನಿಮ್ಮ ಅಜ್ಜನಿಗೆ ಹೇಳು, ಮುಂದಿನ ಸಲ ನನಗೂ ಎರಡು ಕಾರ್ಡು ತರಲಿ” ಎಂದರು.

ಎರಡು ದಿನಗಳ ಮೇಲೆ ಹುಡುಗಿ ಭೂತಗನ್ನಡಿ ಹಿಡಿದು ಕಾರ್ಡನ್ನು ನೋಡಿದಳು. ಕಪ್ಪು ಮೊಟ್ಟೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ಕಾವಲುಗಾರರು ಕೆಲಸಕ್ಕೆ ಹೋಗಿದ್ದರು.

ಹೊಸ ಪದಗಳ ಅರ್ಥ

ಪರಾವಲಂಬಿ – ಬೇರೆ ಜೀವಿಯನ್ನು ಆಶ್ರಯಿಸಿ ಬದುಕುವ ಜೀವಿ
ಪತಂಗ – ಹೆಚ್ಚಾಗಿ ರಾತ್ರಿ ಹಾರಾಡುವ, ಚಿಟ್ಟೆಯನ್ನು ಹೋಲುವ ಕೀಟ
ಕೋಶ – ಹುಳುವು ಪತಂಗವಾಗುವ ಮೊದಲಿನ ಹಂತ
ಪಾಷಾಣ – ಒಂದು ಘೋರ ವಿಷ
ಕಂಗಾಲಾಗು – ದಿಕ್ಕುತೋಚದಂತಾಗು
ತಲೆಮಾರು – ಪೀಳಿಗೆ
ನೆಲೆಯೂರು – ಸ್ಥಿರವಾಗಿ ನಿಲ್ಲು
ಶಿಲೀಂಧ್ರ – ಬೂಷ್ಟು, ಅಣಬೆಗಳ ಜಾತಿಗೆ ಸೇರಿದ ಜೀವಿ
ಬದು – ಹೊಲದ ಅಂಚಿನ ದಿಬ್ಬ

ಸ್ವಾಧ್ಯಾಯ

ಪ್ರಶ್ನೆ 1. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಟ್ರೂವೆಲೋ ಯಾವ ಊರಿನಲ್ಲಿ ಪತಂಗಗಳನ್ನು ಸಾಕುತ್ತಿದ್ದನು?
2. ಸ್ಪಂಜು ಪತಂಗಕ್ಕೆ ಆ ಹೆಸರು ಯಾಕೆ ಬಂದಿತು?
3. ಮೊಟ್ಟೆಯೊಳಗಿನ ಕಣಜದ ಮರಿ ಹೇಗೆ ಉಸಿರಾಡುತ್ತದೆ?
4. ಟ್ರೈಕೋಗ್ರಾಮ ಕಣಜವನ್ನು ಯಾವ ಪತಂಗದ ಮೊಟ್ಟೆಗಳ ಮೇಲೆ ಬೆಳೆಸುತ್ತಾರೆ?

ಪ್ರಶ್ನೆ 2. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸ್ಪಂಜು ಪತಂಗವು ಯುರೋಪಿಗಿಂತ ಅಮೇರಿಕಾದಲ್ಲಿ ಹೆಚ್ಚು ಹಾವಳಿ ಮಾಡಲು ಕಾರಣವೇನು?
2. ಕಣಜವು ದೊಡ್ಡ ಗುಂಪಿನ ಎಲ್ಲ ಮೊಟ್ಟೆಗಳನ್ನು ಯಾಕೆ ನಾಶಮಾಡಲಾರದು?
3. 1900ರಲ್ಲಿ ಸರಕಾರವು ಕೆಲಸವನ್ನು ನಿಲ್ಲಿಸಿದ್ದರಿಂದ ಏನಾಯಿತು?
4. ಪರಾವಲಂಬಿ ನೊಣವನ್ನು ತಂದದ್ದರಿಂದ ಆದ ಕೆಡುಕು ಯಾವುದು?

ಪ್ರಶ್ನೆ 3. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಸ್ಪಂಜು ಪತಂಗದ ಕಂಬಳಿಹುಳುವಿಗೆ ______ ಮರದ ಎಲೆ ಬಹಳ ಇಷ್ಟ.
2. ಹೆಣ್ಣು ಕಣಜಗಳು ಚಳಿಗಾಲವನ್ನು ______ ನಡುವೆ ಕಳೆಯುತ್ತವೆ.
3. ಪತಂಗಕ್ಕೆ ವರ್ಷಕ್ಕೆ ______ ತಲೆಮಾರು.

ಪ್ರಶ್ನೆ 4. ಯಾರು ಯಾರಿಗೆ ಹೇಳಿದರು?
1. “ಒಂದೊಂದು ಮೊಟ್ಟೆಯೊಳಗೂ ಒಬ್ಬ ಕಾವಲುಗಾರ ಮಲಗಿದ್ದಾನೆ.”
2. “ನಮ್ಮ ಕಾವಲುಗಾರರು ಇನ್ನೂ ಎದ್ದಿಲ್ಲ.”

ಪ್ರಶ್ನೆ 5. ಲೆಕ್ಕ ಮಾಡಿರಿ.
ಒಂದು ಗುಂಪಿನಲ್ಲಿ 500 ಮೊಟ್ಟೆಗಳಿವೆ. ಕಣಜಗಳು ನೂರಕ್ಕೆ 30ರಷ್ಟು ಮೊಟ್ಟೆಗಳನ್ನು ನಾಶಮಾಡಿದವು. ಎಷ್ಟು ಮೊಟ್ಟೆಗಳು ಉಳಿದವು?

ಭಾಷಾಭ್ಯಾಸ

ಅ) ವಿರುದ್ಧಾರ್ಥಕ ಪದಗಳನ್ನು ಬರೆಯಿರಿ: ಶತ್ರು, ನಿಧಾನ, ಉಪಕಾರ, ಗಿಡ್ಡ, ಮೇಲೆ.
ಆ) ‘ಮುಟ್ಟಿ ಮುಟ್ಟಿ’, ‘ಚಿಕ್ಕ ಚಿಕ್ಕ’ – ಇಂತಹ ಜೋಡಿ ಪದಗಳನ್ನು ಪಾಠದಿಂದ ಹುಡುಕಿ ಬರೆಯಿರಿ.
ಇ) ಸ್ವಂತ ವಾಕ್ಯಗಳಲ್ಲಿ ಉಪಯೋಗಿಸಿರಿ: ಕಂಗಾಲಾಗು, ಕಣ್ಣು ತೆರೆಸು, ನೆಲೆಯೂರು.

ಉಪಕ್ರಮ

1. ನಿಮ್ಮ ಊರಿನ ರೈತರನ್ನು ಭೇಟಿಯಾಗಿ, ವಿಷವಿಲ್ಲದೆ ಹುಳುಗಳನ್ನು ತಡೆಯಲು ಅವರು ಮಾಡುವ ಉಪಾಯಗಳನ್ನು ಕೇಳಿ ಬರೆಯಿರಿ.
2. ಹೊಲದಲ್ಲಿ ಎಲೆಗಳ ಕೆಳಬದಿಯನ್ನು ಭೂತಗನ್ನಡಿಯಿಂದ ನೋಡಿರಿ. ಕಂಡ ಮೊಟ್ಟೆಗಳ ಬಣ್ಣ, ಆಕಾರಗಳ ಚಿತ್ರ ಬಿಡಿಸಿರಿ. ಅವುಗಳನ್ನು ಕೀಳಬೇಡಿರಿ. ಔಷಧ ಹೊಡೆದ ಹೊಲಕ್ಕೆ ಹೋಗಬೇಡಿರಿ.